ದುಡಿ, ಹಾರ್ಮೋನಿಕಾ, ತಾರ್ ಶಹನಾಯಿ: ಹಿನ್ನೆಲೆ ಸಂಗೀತದ ಒಂದು ವಾದ

'ಜಾಸ್' (1975) ಚಿತ್ರದಲ್ಲಿ ಕಡಲತೀರದ ಜನ ದಿಕ್ಕಾಪಾಲಾಗಿ ಓಡುವ ಒಂದು ದೃಶ್ಯವಿದೆ. ನೀರಿನ ಮೇಲೆ ಶಾರ್ಕಿನ ಬೆನ್ನಿನ ಈಜುರೆಕ್ಕೆ ಕಾಣಿಸುತ್ತದೆ, ಗುಲ್ಲೇಳುತ್ತದೆ, ಕೊನೆಗೆ ನೋಡಿದರೆ ಇಬ್ಬರು ಹುಡುಗರು ರಟ್ಟಿನ ರೆಕ್ಕೆ ಹಿಡಿದುಕೊಂಡು ಈಜುತ್ತಿರುತ್ತಾರೆ. ರೆಕ್ಕೆ ಜನರತ್ತ ಸರಿದು ಬರುವ ಆ ಹೊತ್ತಿನಲ್ಲಿ ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಅವರ ಆ ಹೆಸರಾಂತ ಎರಡು ಸ್ವರಗಳು ಕೇಳಿಸುವುದಿಲ್ಲ. ಅಲ್ಲಿಯವರೆಗೆ ಆ ಸ್ವರಗಳು ಬಂದಾಗ ನೀರಿನಡಿ ಶಾರ್ಕ್ ಇದ್ದೇ ಇತ್ತು. ಹಾಗಾಗಿ ಕಿವಿಗೊಟ್ಟು ಕೂತವರಿಗೆ ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ. ಕಿವಿಯೇ ಸರಿ ಎಂದು ಆಮೇಲೆ ಗೊತ್ತಾಗುತ್ತದೆ. ಹೀಗೆ ಸಂಗೀತದ ಮೇಲೆ ನಂಬಿಕೆ ಗಟ್ಟಿಯಾದ ಮೇಲೆ ಚಿತ್ರ ಆ ನಂಬಿಕೆಗೇ ಕೈಕೊಡುತ್ತದೆ: ದೋಣಿಯ ಹಿಂಬದಿಯಲ್ಲಿ ಪೊಲೀಸ್ ಅಧಿಕಾರಿ ಗೊಣಗುತ್ತ ಮೀನಿನ ತುಣುಕುಗಳನ್ನು ನೀರಿಗೆ ಎರಚುತ್ತಿರುವಾಗ, ಯಾವ ಮುನ್ಸೂಚನೆಯ ಸ್ವರವೂ ಇಲ್ಲದೆ ಶಾರ್ಕ್ ತಲೆ ಎತ್ತುತ್ತದೆ. ಚಿತ್ರಮಂದಿರದಲ್ಲಿ ಜನ ಕುರ್ಚಿಯಿಂದ ಎದ್ದೇಳುವುದು ಅಲ್ಲಿ.

ಆ ಎರಡು ಸ್ವರಗಳಲ್ಲಿ ಏನಿದೆ? ನಮ್ಮ ಲೆಕ್ಕದಲ್ಲಿ ಷಡ್ಜ ಮತ್ತು ಶುದ್ಧ ರಿಷಭ. ಮಾಯಾಮಾಳವಗೌಳದ ಸರಳೆ ವರಸೆ ಕಲಿಯಲು ಕೂತ ಮಗು ಮೊದಲ ದಿನ ದಾಟುವ ಅದೇ ಅರ್ಧ ಹೆಜ್ಜೆಯ ಅಂತರ. ಅದನ್ನು ಮಂದ್ರದ ತಂತಿವಾದ್ಯಗಳಿಗೆ ಕೊಟ್ಟು, ಮೊದಲು ದೂರದೂರ ಇಟ್ಟು, ಆಮೇಲೆ ನಡುವಿನ ಬಿಡುವನ್ನು ಕಡಿಮೆ ಮಾಡುತ್ತ ಹೋಗುತ್ತಾರೆ. ಲಯ ಬಿಗಿಯಾದಷ್ಟೂ ಶಾರ್ಕ್ ಹತ್ತಿರ. ಚಿತ್ರೀಕರಣಕ್ಕೆ ಮಾಡಿಸಿದ್ದ ಯಾಂತ್ರಿಕ ಶಾರ್ಕ್ ಉಪ್ಪುನೀರಿನಲ್ಲಿ ಪದೇಪದೇ ಕೆಟ್ಟು ನಿಲ್ಲುತ್ತಿದ್ದುದರಿಂದ ಅದನ್ನು ತೆರೆಯ ಮೇಲೆ ಹೆಚ್ಚು ತೋರಿಸುವಂತಿರಲಿಲ್ಲ. ಕಾಣಿಸದ ಪ್ರಾಣಿಯ ಮೈಯೆಲ್ಲ ಈ ಸಂಗೀತವೇ ಆಯಿತು.

ಯಾವ ಚಿತ್ರದ ಹಿನ್ನೆಲೆ ಸಂಗೀತ ಶ್ರೇಷ್ಠ ಎಂಬ ವಾದ ಎಲ್ಲಿ ಶುರುವಾದರೂ ಬೇಗ ದಾರಿ ತಪ್ಪುತ್ತದೆ. ಗುನುಗಲು ಬರುವ ಟ್ಯೂನು ಯಾವ ಚಿತ್ರದ್ದೋ ಅದಕ್ಕೆ ಮತ ಬೀಳುತ್ತದೆ. ಟ್ಯೂನು ಬೇರೆ, ಹಿನ್ನೆಲೆ ಸಂಗೀತ ಬೇರೆ. 'ಪಲ್ಲವಿ ಅನುಪಲ್ಲವಿ' (1983) ಚಿತ್ರಕ್ಕೆ ಇಳಯರಾಜ ಕೊಟ್ಟ 'ನಗುವ ನಯನ'ದ ಜೊತೆಯಲ್ಲೇ ನೆನಪಾಗುವ ಆ ಮಾಧುರ್ಯದ ಎಳೆ ಎರಡು ದಶಕದ ಮೇಲೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿಗೆ ಹೋಗಿ, ಚಿತ್ರದ ಹೆಸರೇ ಕೇಳಿರದ ಕೋಟ್ಯಂತರ ಜನರ ಬಾಯಿಗೆ ಬಂತು. ಚಿತ್ರ ಬಿಟ್ಟು ಬದುಕಬಲ್ಲದು ಎಂಬುದು ಟ್ಯೂನಿನ ಹಿರಿಮೆ. 'ಜಾಸ್'ನ ಎರಡು ಸ್ವರಗಳನ್ನು ಚಿತ್ರದಿಂದ ಕಿತ್ತರೆ ಉಳಿಯುವುದು ಸರಳೆ ವರಸೆಯ ಒಂದು ಚೂರು ಮಾತ್ರ. ಹಿನ್ನೆಲೆ ಸಂಗೀತದ ಬೆಲೆ ಕಟ್ಟುವವರು ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ನಮ್ಮ ಚಿತ್ರರಂಗದಲ್ಲಿ ಈ ಕೆಲಸಕ್ಕೆ ಬಹುಕಾಲದಿಂದ ಇರುವ ಹೆಸರು ರೀರೆಕಾರ್ಡಿಂಗ್, ಚಿಕ್ಕದಾಗಿ ಆರ್‌ಆರ್. ಹಾಡುಗಳು ಚಿತ್ರೀಕರಣಕ್ಕೆ ಮೊದಲೇ ಧ್ವನಿಮುದ್ರಣವಾಗಿರುತ್ತವೆ. ರೀರೆಕಾರ್ಡಿಂಗ್ ಬರುವುದು ಎಡಿಟಿಂಗ್ ಮುಗಿದ ಮೇಲೆ, ಬಿಡುಗಡೆಯ ದಿನ ಕುತ್ತಿಗೆಯ ಮೇಲೆ ಕೂತಿರುವಾಗ. ಫಿಲ್ಮಿನ ಕಾಲದಲ್ಲಿ ಸಾವಿರ ಅಡಿಯ ಒಂದು ರೀಲ್ ಅಂದರೆ ಸುಮಾರು 11 ನಿಮಿಷ. ರೀಲ್ ಓಡಿಸಿ ನೋಡುವುದು, ಎಲ್ಲಿ ಸಂಗೀತ ಶುರು, ಎಲ್ಲಿ ಮುಗಿತಾಯ ಎಂದು ಗುರುತು ಹಾಕುವುದು, ಬರೆಯುವುದು, ವಾದ್ಯದವರನ್ನು ಕೂರಿಸಿ ನುಡಿಸುವುದು, ಮುಂದಿನ ರೀಲ್. ಈ ಒತ್ತಡದಲ್ಲಿ ಮೊದಲು ಸಾಯುವುದು ಮೌನ. ಖಾಲಿ ಜಾಗ ಕಂಡಲ್ಲೆಲ್ಲ ಪಿಟೀಲು ಸುರಿಯುವ ಅಭ್ಯಾಸ ಹಾಗೆ ಬಂದದ್ದು.

ಎರಡು ಚಿತ್ರಗಳ ಹಿನ್ನೆಲೆ ಸಂಗೀತವನ್ನು ಹೋಲಿಸಬೇಕಾದರೆ ಆಲ್ಬಂ ಕೇಳಿ ಪ್ರಯೋಜನವಿಲ್ಲ. ಆಲ್ಬಮ್ಮಿಗಾಗಿ ತುಣುಕುಗಳನ್ನು ಜೋಡಿಸಿ, ಉದ್ದ ಮಾಡಿ, ಎಷ್ಟೋ ಸಲ ಬೇರೆಯಾಗಿ ನುಡಿಸಿ ಇಟ್ಟಿರುತ್ತಾರೆ. ಚಿತ್ರದಿಂದಲೇ ಮೂರರಿಂದ ಐದು ನಿಮಿಷದ ಒಂದು ದೃಶ್ಯ ಆರಿಸಿಕೊಳ್ಳಿ. ಹೊಡೆದಾಟ ಬೇಡ, ಅಲ್ಲಿ ಯಾವ ಸದ್ದು ಹಾಕಿದರೂ ನಡೆಯುತ್ತದೆ. ಒಬ್ಬರು ಒಂಟಿಯಾಗಿರುವ, ಅಥವಾ ಇಬ್ಬರು ಮಾತಾಡುವ ದೃಶ್ಯ ಒಳ್ಳೆಯದು. ಮೊದಲು ಸದ್ದು ಪೂರ್ತಿ ತೆಗೆದು ನೋಡಿ, ದೃಶ್ಯ ತಾನಾಗಿ ಏನು ಹೇಳುತ್ತದೆ ಎಂದು ಒಂದು ವಾಕ್ಯ ಬರೆದಿಡಿ. ಆಮೇಲೆ ಕಣ್ಣು ಮುಚ್ಚಿ ಕೇಳಿ, ಸ್ಟಾಪ್‌ವಾಚ್ ಹಿಡಿದು ಸಂಗೀತ ಎಷ್ಟನೇ ಸೆಕೆಂಡಿಗೆ ಬಂತು, ಎಷ್ಟನೇ ಸೆಕೆಂಡಿಗೆ ಹೋಯಿತು ಎಂದು ಗುರುತು ಮಾಡಿ. ಮೂರನೆಯ ಸಲ ಎರಡನ್ನೂ ಕೂಡಿಸಿ ನೋಡಿ. ಈಗ ಬರುವ ಅರ್ಥ ಮೊದಲು ಬರೆದಿಟ್ಟ ವಾಕ್ಯವೇ ಆಗಿದ್ದರೆ ಸಂಗೀತ ಆ ದೃಶ್ಯದಲ್ಲಿ ದಂಡಕ್ಕೆ ಕೂತಿದೆ. ಅಳುವ ಮುಖಕ್ಕೆ ಅಳುವ ಪಿಟೀಲು ಈ ಬಗೆಯದು. ಅರ್ಥ ಬದಲಾಗಿದ್ದರೆ, ಅಥವಾ ಬರೆಯಲು ಆಗದಿದ್ದ ಏನೋ ಒಂದು ಸೇರಿಕೊಂಡಿದ್ದರೆ, ಅಲ್ಲಿ ಸಂಗೀತ ನಿರ್ದೇಶಕ ಕೆಲಸ ಮಾಡಿದ್ದಾನೆ.

ಗುರುತು ಹಾಕಿದ ಆ ಎರಡು ಸೆಕೆಂಡುಗಳನ್ನು ಇನ್ನೊಮ್ಮೆ ನೋಡುವುದು ಮುಖ್ಯ. ಸಂಗೀತ ಕಟ್ ಬಿದ್ದಲ್ಲಿ ಶುರುವಾಯಿತೋ, ಮಾತು ಮುಗಿದಲ್ಲಿ ಶುರುವಾಯಿತೋ, ಅಥವಾ ಪಾತ್ರದ ಮನಸ್ಸು ತಿರುಗಿದ ಗಳಿಗೆಯಲ್ಲಿ ಶುರುವಾಯಿತೋ? ಮೂರನೆಯದು ಕಷ್ಟದ್ದು. ಶುರುವಾಗುವುದಕ್ಕಿಂತ ನಿಲ್ಲುವುದು ಇನ್ನೂ ಕಷ್ಟ. ಮೆಲ್ಲಗೆ ಕರಗಿಸಿ ತೆಗೆಯುವುದು ಸುಲಭದ ದಾರಿ, ತಪ್ಪು ಮಾಡಿದ್ದು ಯಾರಿಗೂ ಗೊತ್ತಾಗುವುದಿಲ್ಲ.

ಲೆಕ್ಕದ ಕಡೆಯಿಂದಲೂ ನೋಡಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ನಿಮಿಷಕ್ಕೆ 96 ಪೆಟ್ಟಿನ ಲಯ ಇಟ್ಟುಕೊಂಡರೆ ಒಂದು ಪೆಟ್ಟಿಗೆ ಸರಿಯಾಗಿ 15 ಫ್ರೇಮ್. ಬಾಗಿಲು ತೆರೆಯುವುದು ದೃಶ್ಯದ 20ನೇ ಸೆಕೆಂಡಿಗೆ ಬರುವುದಾದರೆ 32 ಪೆಟ್ಟು, ಅಂದರೆ ನಾಲ್ಕು ಪೆಟ್ಟಿನ ಎಂಟು ಆವರ್ತ. ಬಾಗಿಲು ಮುಂದಿನ ಆವರ್ತದ ಮೊದಲ ಪೆಟ್ಟಿಗೆ ಕೂರುತ್ತದೆ, ಸಮಕ್ಕೆ ಬಂದು ಬಿದ್ದ ಹಾಗೆ. ಈಗ ಸಂಗೀತ ಸಿದ್ಧವಾದ ಮೇಲೆ ಎಡಿಟರ್ ಒಂದೇ ಒಂದು ಸೆಕೆಂಡ್ ಕತ್ತರಿಸಿದರು ಎಂದುಕೊಳ್ಳಿ. 19 ಸೆಕೆಂಡಿಗೆ ಅದೇ ಲಯದಲ್ಲಿ 30.4 ಪೆಟ್ಟು. ಬಾಗಿಲು ಎರಡು ಪೆಟ್ಟುಗಳ ಸಂದಿಯಲ್ಲಿ ಬೀಳುತ್ತದೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ದೃಶ್ಯ ಸಪ್ಪೆ ಅನಿಸುತ್ತದೆ. ಸರಿಮಾಡುವ ದಾರಿ ಇದೆ: ಲಯವನ್ನು 94.74ಕ್ಕೆ ಇಳಿಸಿದರೆ 19 ಸೆಕೆಂಡಿಗೆ ಸರಿಯಾಗಿ 30 ಪೆಟ್ಟು, ಏಳು ಪೂರ್ಣ ಆವರ್ತ ಮತ್ತು ಎರಡು ಪೆಟ್ಟಿನ ಒಂದು ಅರ್ಧ ಆವರ್ತ. ಆ ಅರ್ಧವನ್ನು ಎಲ್ಲಿ ಬಚ್ಚಿಡಬೇಕು ಎಂಬುದರಲ್ಲಿ ಕೈಚಳಕ ಗೊತ್ತಾಗುತ್ತದೆ. ಬಾಗಿಲಿಗೆ ತೀರ ಹತ್ತಿರ ಇಟ್ಟರೆ ಎಡವಿದಂತೆ ಕೇಳುತ್ತದೆ. ನುಡಿ ತಿರುಗುವ ಜಾಗದಲ್ಲಿ, ಮೂರನೆಯ ಅಥವಾ ನಾಲ್ಕನೆಯ ಆವರ್ತದ ಕೊನೆಯಲ್ಲಿ ಇಟ್ಟರೆ ಉಸಿರು ತೆಗೆದುಕೊಂಡಂತೆ ಕೇಳುತ್ತದೆ. ಕಂಪ್ಯೂಟರಿನಲ್ಲಿ ಹಾಗೇ ಎಳೆದು ಕುಗ್ಗಿಸುವುದು ಇಂದಿನ ಸುಲಭೋಪಾಯ. ತಾಳವಾದ್ಯದ ಪೆಟ್ಟಿನ ಮೊನೆ ಮೊಂಡಾಗುವುದರಿಂದ ಅದು ಕಿವಿಗೆ ಸಿಕ್ಕಿಬೀಳುತ್ತದೆ.

ಇನ್ನೊಂದು ರೋಗ ಎಡಿಟಿಂಗ್ ಮೇಜಿನ ಮೇಲೇ ಹುಟ್ಟುತ್ತದೆ. ಸ್ವಂತ ಸಂಗೀತ ಇನ್ನೂ ಬಂದಿಲ್ಲದಾಗ ಬೇರೆಲ್ಲಿಯದೋ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿ ಎಡಿಟ್ ಮಾಡುತ್ತಾರೆ. ತಿಂಗಳುಗಟ್ಟಲೆ ಅದನ್ನೇ ಕೇಳಿದ ನಿರ್ದೇಶಕರಿಗೆ ಆಮೇಲೆ ಅದರಂತೆಯೇ ಇರುವುದು ಬೇಕಾಗುತ್ತದೆ. ಇದರ ತುತ್ತತುದಿಯ ಉದಾಹರಣೆ '2001: ಎ ಸ್ಪೇಸ್ ಒಡಿಸ್ಸಿ' (1968). ಅಲೆಕ್ಸ್ ನಾರ್ತ್ ಬರೆದು ಧ್ವನಿಮುದ್ರಿಸಿದ್ದ ಸಂಗೀತವನ್ನು ಬಿಟ್ಟು ಸ್ಟ್ಯಾನ್ಲಿ ಕೂಬ್ರಿಕ್ ತಾತ್ಕಾಲಿಕವಾಗಿ ಹಾಕಿದ್ದ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ಅಲ್ಲಿ ಫಲ ಅದ್ಭುತವಾಯಿತು. ಆ ಒಂದು ಗೆಲುವನ್ನು ತೋರಿಸಿ ಉಳಿದ ನೂರಾರು ನಕಲುಗಳನ್ನು ಸಮರ್ಥಿಸಲು ಬರುವುದಿಲ್ಲ.

ಈಗ ಶ್ರೇಷ್ಠದ ಪಟ್ಟಕ್ಕೆ ನಿಲ್ಲುವವರ ಕಡೆ ಬರೋಣ. 'ಸೈಕೊ' (1960) ಯಾವ ಪಟ್ಟಿಯಲ್ಲೂ ಮೊದಲ ಐದರಲ್ಲಿರುತ್ತದೆ, ಇರಬೇಕಾದದ್ದೇ. ಬರ್ನಾರ್ಡ್ ಹರ್ಮನ್ ಇಲ್ಲಿ ಬಳಸಿದ್ದು ತಂತಿವಾದ್ಯಗಳನ್ನು ಮಾತ್ರ: ವಯೊಲಿನ್, ವಯೋಲಾ, ಚೆಲ್ಲೊ, ಡಬಲ್ ಬೇಸ್. ಊದುವ ವಾದ್ಯವಿಲ್ಲ, ತಾಳವಾದ್ಯವಿಲ್ಲ. ಕಪ್ಪುಬಿಳುಪು ಚಿತ್ರಕ್ಕೆ ಕಪ್ಪುಬಿಳುಪಿನ ಬಣ್ಣವೇ ಇರುವ ವಾದ್ಯಮೇಳ. ಸಾಲದ್ದಕ್ಕೆ ತಂತಿಗಳ ಕುದುರೆಗೆ ಮ್ಯೂಟ್ ಎಂಬ ನಾದ ತಗ್ಗಿಸುವ ಚಿಕ್ಕ ಸಾಧನ ಸಿಕ್ಕಿಸಿ ನಾದವನ್ನು ಒಣಗಿಸಿದ್ದಾರೆ. ಸ್ನಾನದ ಮನೆಯ ಕೊಲೆಗೆ ಮ್ಯೂಟ್ ತೆಗೆಯುತ್ತಾರೆ. ಅಲ್ಲಿಯವರೆಗೆ ಗಂಟಲು ಕಟ್ಟಿದಂತಿದ್ದ ಮೇಳ ಒಮ್ಮೆಗೇ ಕಿರುಚುತ್ತದೆ. ಆ ಕಿರುಚಾಟದ ಅರ್ಧ ಶಕ್ತಿ ಅದರ ಹಿಂದಿನ ಮುಕ್ಕಾಲು ಗಂಟೆಯ ಸಂಯಮದಲ್ಲಿದೆ. ಆ ದೃಶ್ಯಕ್ಕೆ ಸಂಗೀತವೇ ಬೇಡ ಎಂದು ನಿರ್ದೇಶಕ ಹಿಚ್‌ಕಾಕ್ ಹೇಳಿದ್ದರು. ಹರ್ಮನ್ ಆದರೂ ಬರೆದು ಕೇಳಿಸಿದರು, ಹಿಚ್‌ಕಾಕ್ ಒಪ್ಪಿದರು.

ಮೇಲೆ ಹೇಳಿದ ಪರೀಕ್ಷೆಯನ್ನು ಮಾಡಲು ಮಾತ್ರ ಕೊಲೆಯ ದೃಶ್ಯ ಬೇಡ, ಕಾರಿನ ದೃಶ್ಯ ತೆಗೆದುಕೊಳ್ಳಿ. ಹಣ ಕದ್ದ ಮೇರಿಯನ್ ರಾತ್ರಿ ಕಾರು ಓಡಿಸುತ್ತಿದ್ದಾಳೆ. ಸದ್ದು ತೆಗೆದರೆ ಒಬ್ಬ ಹೆಂಗಸು, ಸ್ಟೀರಿಂಗ್, ಎದುರು ಬರುವ ದೀಪಗಳು, ಮಳೆ. ಸಂಗೀತ ಸೇರಿದ ತಕ್ಷಣ ಅವಳು ತಪ್ಪಿಸಿಕೊಳ್ಳಲಾರಳು ಎಂಬುದು ಗೊತ್ತಾಗಿಬಿಡುತ್ತದೆ. ನಟಿಯ ಮುಖ ಅದನ್ನು ಹೇಳುತ್ತಿಲ್ಲ, ಕ್ಯಾಮೆರಾ ಹೇಳುತ್ತಿಲ್ಲ. ಇದು ಶೀರ್ಷಿಕೆಯ ಹೊತ್ತಿಗೆ ಕೇಳಿದ್ದ ಸಂಗೀತವೇ, ಅವಳಿನ್ನೂ ತೆರೆಯ ಮೇಲೆ ಬರುವ ಮೊದಲೇ ನುಡಿದದ್ದು.

ಈ ಚಿತ್ರದ ಸಂಗೀತದಲ್ಲಿ ಮತ್ತೆಮತ್ತೆ ಬರುವ ಒಂದು ಸ್ವರಗುಚ್ಛವಿದೆ. ಮೈನರ್ ಕಾರ್ಡ್, ಅದರ ಮೇಲೆ ಮೇಜರ್ ಸೆವೆಂತ್. ನಮ್ಮ ಸ್ವರಗಳಲ್ಲಿ ಹೇಳಿದರೆ ಷಡ್ಜ, ಸಾಧಾರಣ ಗಾಂಧಾರ, ಪಂಚಮ, ಕಾಕಲಿ ನಿಷಾದ. ಕೀರವಾಣಿ ಹಾಡುವವರ ಗಂಟಲಲ್ಲಿ ದಿನವೂ ಓಡಾಡುವ ಸ್ವರಗಳಿವು, ಗೌರಿಮನೋಹರಿಯಲ್ಲೂ ಇವೆ. ಒಂದಾದ ಮೇಲೊಂದು ಹಾಡಿದಾಗ ಇವುಗಳಲ್ಲಿ ಭಯವಿಲ್ಲ, ಕರುಣೆ ಇದೆ. ನಾಲ್ಕನ್ನೂ ಒಟ್ಟಿಗೆ ಬಾರಿಸಿದಾಗ ಮೇಲಿನ ನಿಷಾದ ತಾರ ಷಡ್ಜಕ್ಕೆ ಹೋಗಿ ಸೇರಲು ಹಾತೊರೆಯುತ್ತದೆ, ಹರ್ಮನ್ ಅದನ್ನು ಸೇರಲು ಬಿಡುವುದಿಲ್ಲ. ಮನೆಯ ಹೊಸ್ತಿಲಲ್ಲಿ ನಿಂತು ಒಳಗೆ ಹೋಗಲಾರದ ಸ್ಥಿತಿ. ಕಥೆಯೂ ಅದೇ ಅಲ್ಲವೇ.

ಇದೇ ನಾಲ್ಕು ಸ್ವರಗಳು ಇರುವ ಇನ್ನೊಂದು ಜಾಗ ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' (1955). ಊರಿಗೆ ಮರಳಿದ ಹರಿಹರ, ಮಗಳು ದುರ್ಗಾಳಿಗೆಂದು ತಂದ ಸೀರೆಯನ್ನು ಹೆಂಡತಿಗೆ ತೋರಿಸುತ್ತಾನೆ. ದುರ್ಗಾ ಸತ್ತಿರುವುದು ಅವನಿಗೆ ಗೊತ್ತಿಲ್ಲ. ಸರ್ವಜಯಾ ಸೀರೆಯನ್ನು ಕಚ್ಚಿ ಹಿಡಿದು ಕುಸಿಯುತ್ತಾಳೆ, ಬಾಯಿ ತೆರೆದಿದೆ, ಅಳು ಕೇಳಿಸುವುದಿಲ್ಲ. ಅವಳ ದನಿಯ ಜಾಗದಲ್ಲಿ ಕೇಳುವುದು ತಾರ್ ಶಹನಾಯಿ. ಹೆಸರಲ್ಲಿ ಶಹನಾಯಿ ಇದ್ದರೂ ಅದು ಊದುವ ವಾದ್ಯವಲ್ಲ. ಕಮಾನಿನಿಂದ ನುಡಿಸುವ ಎಸ್ರಾಜಿಗೆ ಗ್ರಾಮಫೋನಿನಂಥ ಲೋಹದ ಕಹಳೆ ಜೋಡಿಸಿದ್ದು. ಅದರಿಂದ ತಂತಿಯ ನಾದಕ್ಕೆ ಮೂಗಿನಿಂದ ಬಂದಂಥ ಸೀಳು ದನಿ ಬರುತ್ತದೆ, ಅತ್ತು ಅತ್ತು ಒಡೆದ ಹೆಂಗಸಿನ ಗಂಟಲಿನಂತೆ. ರವಿಶಂಕರ್ ಆರಿಸಿದ ರಾಗ ಪಟದೀಪ್, ಆರೋಹ ನಿ ಸ ಗ ಮ ಪ ನಿ ಸ. ಕೋಮಲ ಗಾಂಧಾರ, ಶುದ್ಧ ನಿಷಾದ. ಸ್ವರಗಳ ಮಟ್ಟಿಗೆ ನಮ್ಮ ಗೌರಿಮನೋಹರಿಯ ಬಂಧು. ಹರ್ಮನ್ ಕೊಲೆಗಾರನ ಮನೆಯ ಹೊಸ್ತಿಲಲ್ಲಿ ಗುಡ್ಡೆ ಹಾಕಿದ ಅದೇ ಸ್ವರಗಳನ್ನು ರವಿಶಂಕರ್ ಒಂದು ತಂತಿಯ ಮೇಲೆ ಸಾಲಾಗಿ ಬಿಡಿಸಿ ಇಟ್ಟಿದ್ದಾರೆ. ಇದು ಭಯದ ರಾಗ, ಅದು ದುಃಖದ ರಾಗ ಎಂದು ಪಟ್ಟಿ ಮಾಡಿಟ್ಟುಕೊಂಡು ರೀರೆಕಾರ್ಡಿಂಗಿಗೆ ಕೂರುವವರು ಈ ಎರಡು ದೃಶ್ಯಗಳನ್ನು ಒಂದರ ಹಿಂದೊಂದು ಕೇಳಬೇಕು. ರಸ ಸ್ವರದಲ್ಲಿ ಕೂತಿಲ್ಲ, ಸ್ವರಗಳನ್ನು ಇಡುವ ಬಗೆಯಲ್ಲಿದೆ, ವಾದ್ಯದ ಕಂಠದಲ್ಲಿದೆ, ಯಾವ ಸದ್ದನ್ನು ತೆಗೆದು ಆ ಜಾಗಕ್ಕೆ ಅದನ್ನು ತಂದರು ಎಂಬುದರಲ್ಲಿದೆ.

ಒಂದೇ ಒಂದು ಕ್ಷಣಕ್ಕೆ ಬಹುಮಾನ ಕೊಡುವುದಾದರೆ ಇದನ್ನು ಮೀರಿಸಿದ್ದು ಇಲ್ಲ ಎಂದೇ ನನ್ನ ಎಣಿಕೆ. ಇಡೀ ಚಿತ್ರಕ್ಕೆ ಕೊಡುವುದಾದರೆ ಮಾತು ಬೇರೆ. ರವಿಶಂಕರ್ ಅವರಿಗೆ ಸಿಕ್ಕಿದ್ದು ಒಂದೇ ರಾತ್ರಿ. ಚಿತ್ರದ ಅರ್ಧದಷ್ಟು ಭಾಗವನ್ನು ಮಾತ್ರ ನೋಡಿ, ಸುಮಾರು 11 ಗಂಟೆಗಳ ಒಂದೇ ಬೈಠಕ್ಕಿನಲ್ಲಿ ಎಲ್ಲವನ್ನೂ ನುಡಿಸಿ ಮುಗಿಸಿದರು. ಮಿಠಾಯಿ ಮಾರುವವನ ಹಿಂದೆ ಮಕ್ಕಳು ಹೋಗುವ ದೃಶ್ಯದ ಸಿತಾರ್ ಛಾಯಾಗ್ರಾಹಕ ಸುಬ್ರತ ಮಿತ್ರ ಅವರದ್ದು. ಆ ರಾತ್ರಿಯ ಸಂಗ್ರಹದಿಂದ ಆರಿಸಿ ಆರಿಸಿ ದೃಶ್ಯಗಳಿಗೆ ಕೂರಿಸಿದ ಕಾರಣ ಕೆಲವೆಡೆ ಸಂಗೀತ ದೃಶ್ಯದ ಪಕ್ಕದಲ್ಲಿ ನಡೆಯುತ್ತದೆ, ಒಳಗೆ ಇಳಿಯುವುದಿಲ್ಲ. ಕೊಳಲಿನ ಆ ಮುಖ್ಯ ಎಳೆ ಎಷ್ಟು ಸೊಗಸಾಗಿದೆ ಎಂದರೆ ಇದು ಥಟ್ಟನೆ ತಿಳಿಯುವುದಿಲ್ಲ. 1961ರ 'ತೀನ್ ಕನ್ಯಾ'ದಿಂದ ಸತ್ಯಜಿತ್ ರಾಯ್ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಬರೆಯತೊಡಗಿದರು. ದೊಡ್ಡ ವಾದಕರ ಬಿಡುವಿಗೆ ಚಿತ್ರ ಕಾಯುವುದು ಎಂಥ ಕಷ್ಟ ಎಂದು ಬಲ್ಲವರ ನಿರ್ಧಾರ ಅದು.

ಇದಕ್ಕೆ ಪೂರ್ತಿ ತಿರುವುಮುರುವಾದ ವಿಧಾನ 'ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್' (1968) ಚಿತ್ರದ್ದು. ಎನ್ನಿಯೊ ಮೊರಿಕೋನೆ ಮುಖ್ಯ ಸಂಗೀತವನ್ನು ಚಿತ್ರೀಕರಣಕ್ಕೆ ಮೊದಲೇ ಬರೆದು ಧ್ವನಿಮುದ್ರಿಸಿಕೊಟ್ಟರು. ಸರ್ಜಿಯೊ ಲಿಯೋನೆ ಅದನ್ನು ಸೆಟ್ಟಿನಲ್ಲಿ ಹಾಕಿ ನಟರನ್ನು ನಡೆಸಿದರು, ಕ್ಯಾಮೆರಾವನ್ನು ನಡೆಸಿದರು. ನಾಯಕಿ ಜಿಲ್ ರೈಲಿನಿಂದಿಳಿದು, ಕರೆದೊಯ್ಯಲು ಯಾರೂ ಬಾರದೆ, ನಿಲ್ದಾಣದ ಕೋಣೆಯೊಳಗೆ ಹೋಗುತ್ತಾಳೆ. ಕ್ಯಾಮೆರಾ ಕಿಟಕಿಯಿಂದ ನೋಡಿ, ಗೋಡೆಯ ಗುಂಟ ಏರಿ, ಹೆಂಚಿನ ಮೇಲಿಂದ ಇಡೀ ಪೇಟೆಯನ್ನು ತೋರಿಸುತ್ತದೆ. ಕ್ಯಾಮೆರಾ ಮೇಲೇರುವ ಹೊತ್ತಿಗೂ ಎಡ್ಡಾ ಡೆಲ್ಲೊರ್ಸೊ ಅವರ ಪದವಿಲ್ಲದ ಕಂಠದಿಂದ ಮೇಳ ಉಕ್ಕುವ ಹೊತ್ತಿಗೂ ಕೂದಲೆಳೆಯ ಅಂತರವಿಲ್ಲ. 94.74ರ ಲೆಕ್ಕ ಹಾಕುವ ಕಷ್ಟ ಇಲ್ಲಿ ಇಲ್ಲವೇ ಇಲ್ಲ, ಸಂಗೀತಕ್ಕೆ ಚಿತ್ರವೇ ಹೊಂದಿಕೊಂಡಿದೆ. ನಮ್ಮವರು ಹಾಡಿಗೆ ಮಾಡುವುದನ್ನೇ ಅವರು ಹಿನ್ನೆಲೆಗೆ ಮಾಡಿದರು.

ಹೀಗೆ ಸಂಗೀತವನ್ನು ಮೊದಲೇ ಕೈಯಲ್ಲಿಟ್ಟುಕೊಂಡ ನಿರ್ದೇಶಕರು ಅದನ್ನು ತಕ್ಷಣ ಖರ್ಚು ಮಾಡುವುದಿಲ್ಲ. ಮೂವರು ಬಂದೂಕುಧಾರಿಗಳು ರೈಲಿಗೆ ಕಾಯುವ ಆರಂಭದ ದೀರ್ಘ ದೃಶ್ಯಕ್ಕೆ ಸಂಗೀತವೇ ಇಲ್ಲ. ಎಣ್ಣೆ ಕಾಣದ ಗಾಳಿಯಂತ್ರದ ಕಿರುಗುಟ್ಟುವಿಕೆ, ಟೋಪಿಯ ಮೇಲೆ ಬೀಳುವ ನೀರಿನ ಹನಿ, ಮುಖದ ಮೇಲೆ ಕೂರುವ ನೊಣ. ರೈಲು ಬಂದು ಹೋದ ಮೇಲೆ ಹಳಿಯ ಆಚೆ ಬದಿಯಿಂದ ಹಾರ್ಮೋನಿಕಾ ಕೇಳುತ್ತದೆ. ಅದನ್ನು ನುಡಿಸುವವನಿಗೆ ಚಿತ್ರದಲ್ಲಿ ಹೆಸರಿಲ್ಲ, ವಾದ್ಯವೇ ಅವನ ಹೆಸರು. ಅವನು ಯಾರು, ಫ್ರ್ಯಾಂಕ್ ಎಂಬ ಕೊಲೆಗಾರನ ಬೆನ್ನು ಯಾಕೆ ಹತ್ತಿದ್ದಾನೆ ಎಂಬುದಕ್ಕೆ ಉತ್ತರ ಕೊನೆಯ ದ್ವಂದ್ವದಲ್ಲಿದೆ: ಕುತ್ತಿಗೆಗೆ ಕುಣಿಕೆ ಬಿದ್ದ ಅಣ್ಣ ಬಾಲಕನ ಹೆಗಲ ಮೇಲೆ ನಿಂತಿದ್ದಾನೆ, ಫ್ರ್ಯಾಂಕ್ ಬಾಲಕನ ಬಾಯಿಗೆ ಹಾರ್ಮೋನಿಕಾ ತುರುಕುತ್ತಾನೆ. ಆ ವಾದ್ಯದ ಸ್ವರ ಯಾಕೆ ಅಷ್ಟು ಏದುಸಿರಿನದ್ದಾಗಿತ್ತು ಎಂದು ಆಗ ತಿಳಿಯುತ್ತದೆ. ಚಿತ್ರದುದ್ದಕ್ಕೂ ನಾವು ಕೇಳಿಸಿಕೊಂಡದ್ದು ಕುಸಿಯುತ್ತಿರುವ ಹುಡುಗನ ಉಸಿರನ್ನು.

'ಸೈಕೊ'ದ ತಂತಿಗಳನ್ನು ಆ ಮೋಟೆಲಿನಲ್ಲಿ ಯಾರೂ ನುಡಿಸುತ್ತಿಲ್ಲ, ಅದು ಹೊರಗಿನಿಂದ ಬಂದ ಸದ್ದು. ಹಾರ್ಮೋನಿಕಾ ಕಥೆಯ ಒಳಗೇ ಹುಟ್ಟಿದ್ದು. ಒಳಗೆ ಹುಟ್ಟಿದ ಸದ್ದೇ ಮೇಲು ಎಂದು ನಿಯಮ ಮಾಡಲು ಬರುವುದಿಲ್ಲ, ಹಾಗೆ ಮಾಡಿದರೆ ಹರ್ಮನ್ ಒಬ್ಬರೇ ಅದನ್ನು ಮುರಿದು ಹಾಕುತ್ತಾರೆ. ಆದರೆ ಎರಡೂ ಸಮಸಮ ಎನಿಸಿದಾಗ ನನ್ನ ತಕ್ಕಡಿ ಒಳಗಿನ ಸದ್ದಿನ ಕಡೆ ವಾಲುತ್ತದೆ. ಕನ್ನಡದ ಒಳ್ಳೆಯ ಕೆಲಸಗಳು ಈ ಕಡೆಗೇ ಇರುವುದೂ ಅದಕ್ಕೊಂದು ಕಾರಣ ಇರಬಹುದು.

'ಪುಷ್ಪಕ ವಿಮಾನ'ವನ್ನೇ (1987) ನೋಡಿ. ಮಾತಿಲ್ಲದ ಚಿತ್ರ, ಮೂಕಿ ಚಿತ್ರವಲ್ಲ. ಸಂಭಾಷಣೆ ಇಲ್ಲದಿರುವಾಗ ಎಲ್ಲವನ್ನೂ ಸಂಗೀತದ ತಲೆಗೆ ಕಟ್ಟುವುದು ಸುಲಭವಿತ್ತು. ಸಿಂಗೀತಂ ಶ್ರೀನಿವಾಸ ರಾವ್ ಮತ್ತು ಎಲ್. ವೈದ್ಯನಾಥನ್ ಆ ದಾರಿ ಹಿಡಿಯಲಿಲ್ಲ. ಚಿತ್ರಮಂದಿರದ ಗದ್ದಲದ ಮಗ್ಗುಲಲ್ಲೇ ಬಾಡಿಗೆ ಕೋಣೆ ಹಿಡಿದಿದ್ದ ನಾಯಕ ಪಂಚತಾರಾ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಬಾರದೆ ಹೊರಳಾಡುತ್ತಾನೆ, ಹಳೆಯ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಅದನ್ನು ಹಾಕಿಕೊಂಡು ನಿದ್ದೆ ಮಾಡುತ್ತಾನೆ. ಬಡತನವೆಂದರೆ ಒಂದು ಬಗೆಯ ಸದ್ದು, ಸಿರಿತನವೆಂದರೆ ಒಂದು ಬಗೆಯ ಮೌನ ಎಂಬುದನ್ನು ಮಾತಿನಲ್ಲಿ ಹೇಳಿದ್ದರೆ ಉಪನ್ಯಾಸವಾಗುತ್ತಿತ್ತು. ಇದೇ ವೈದ್ಯನಾಥನ್ 'ಮಾಲ್ಗುಡಿ ಡೇಸ್'ನ ಆ ತನನ ಕೊಟ್ಟವರು. ಟ್ಯೂನೂ ಬಲ್ಲವರು, ಟ್ಯೂನನ್ನು ತಡೆದು ನಿಲ್ಲಿಸಲೂ ಬಲ್ಲವರು.

ಹೊಸಬರಲ್ಲಿ 'ಕೆಜಿಎಫ್' (2018, 2022) ಹೆಸರು ಈ ವಾದದಲ್ಲಿ ಬಾರದೆ ಇರುವುದಿಲ್ಲ. ಕುಂದಾಪುರ ಕಡೆಯ ಬಸ್ರೂರಿನ ರವಿ ಬಸ್ರೂರು ಕೋರಸ್ಸನ್ನು ಬಳಸುವ ರೀತಿಯಲ್ಲಿ ಮೆಚ್ಚಬೇಕಾದ ಬಲವಿದೆ. ಗಣಿಯ ಜನಸಮೂಹ ತೆರೆಯ ಮೇಲಿದ್ದಾಗ ಸಮೂಹದ ಕಂಠ ಅವರದೇ ಎನಿಸುತ್ತದೆ, ಅಷ್ಟರಮಟ್ಟಿಗೆ ಅದೂ ಒಳಗಿನ ಸದ್ದೇ. ಸ್ಟಾಪ್‌ವಾಚ್ ಹಿಡಿದು ಕೂತರೆ ಮಾತ್ರ ತೊಂದರೆ ಕಾಣುತ್ತದೆ: ಸಂಗೀತ ನಿಂತ ಜಾಗಗಳು ಕಡಿಮೆ, ನಿಂತಿದೆ ಎಂದು ಅರಿವಾಗುವ ಮೊದಲೇ ಮತ್ತೆ ಬರುತ್ತದೆ. ಕೊನೆಯ ಏಟಿಗೆ ತೆಗೆಯಲು ಹರ್ಮನ್ ಬಳಿ ಮ್ಯೂಟ್ ಇತ್ತು. ಮೊದಲಿಂದಲೂ ತಾರಕದಲ್ಲಿರುವ ಸಂಗೀತಕ್ಕೆ ಏರಲು ಮೆಟ್ಟಿಲು ಉಳಿಯುವುದಿಲ್ಲ.

ಈ ಗಟ್ಟಿತನಕ್ಕೆ ಚಿತ್ರಮಂದಿರಗಳಲ್ಲೊಂದು ಪ್ರತೀಕಾರವೂ ಇದೆ. ಡಾಲ್ಬಿ ಪ್ರೊಸೆಸರಿನ ಫೇಡರ್, ಅಂದರೆ ಸದ್ದು ಏರಿಳಿಸುವ ಗುಂಡಿ, 7ರಲ್ಲಿ ಇರಬೇಕು, ಮಿಕ್ಸಿಂಗ್ ಕೋಣೆಯಲ್ಲಿ ಕೇಳಿದ ಮಟ್ಟ ಅದು. ಸದ್ದು ಜಾಸ್ತಿ ಎಂದು ಪ್ರೇಕ್ಷಕರು ದೂರಿದರೆ ಆಪರೇಟರ್ ಅದನ್ನು 5ಕ್ಕೋ 4ಕ್ಕೋ ಇಳಿಸುತ್ತಾರೆ. 7ರಿಂದ 4ಕ್ಕೆ ಸುಮಾರು 10 ಡೆಸಿಬೆಲ್ ಇಳಿತ, ಕಿವಿಗೆ ಅರ್ಧಕ್ಕರ್ಧ. ಸಂಗೀತದ ಜೊತೆ ಮಾತೂ ಇಳಿಯುತ್ತದೆ, ಮೆಲುದನಿಯ ಸಂಭಾಷಣೆ ಫ್ಯಾನಿನ ಸದ್ದಿನಲ್ಲಿ ಮುಳುಗುತ್ತದೆ. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಇರುವುದು 2 ರಿಂದ 4 ಕಿಲೋಹರ್ಟ್ಸ್ ನಡುವೆ. ಅದೇ ಜಾಗದಲ್ಲಿ ಪಿಟೀಲಿನ ಮೇಳವನ್ನೋ ಲೋಹದ ತಾಳವನ್ನೋ ತುಂಬಿದರೆ ಮಾತಿನ ದನಿ ಕೇಳುತ್ತದೆ, ಪದ ತಿಳಿಯುವುದಿಲ್ಲ. ಸಂಗೀತವನ್ನು ಒಟ್ಟಾರೆ ತಗ್ಗಿಸುವುದಕ್ಕಿಂತ ಆ ಪಟ್ಟಿಯಲ್ಲಿ ಮಾತ್ರ ಎರಡು ಮೂರು ಡೆಸಿಬೆಲ್ ಕಡಿಮೆ ಮಾಡುವುದು ಮೇಲು. ಅದಕ್ಕಿಂತಲೂ ಮೇಲು, ಮಾತಿರುವಾಗ ಚೆಲ್ಲೊ ಅಥವಾ ಮಂದ್ರದ ವೀಣೆಗೆ ಬರೆದು, ಕೊಳಲನ್ನು ಮಾತಿನ ಬಿಡುವುಗಳಲ್ಲಿ ಇಡುವುದು. ಪಕ್ಕವಾದ್ಯದ ಪಿಟೀಲು ವಿದ್ವಾಂಸರು ಕಛೇರಿಯಲ್ಲಿ ದಿನವೂ ಮಾಡುವುದು ಇದನ್ನೇ, ಗಾಯಕರ ಸಾಹಿತ್ಯ ಮುಗಿಯುವವರೆಗೆ ತಗ್ಗಿ ನಡೆಯುತ್ತಾರೆ.

ಈಗ ನನ್ನ ತೀರ್ಪು. ಮೂರನೆಯ ಸ್ಥಾನ 'ಸೈಕೊ'ಗೆ, ಎರಡನೆಯದು ಮೊರಿಕೋನೆಯ ಹಾರ್ಮೋನಿಕಾಗೆ. ಮೊದಲನೆಯದು 'ಚೋಮನ ದುಡಿ'ಗೆ (1975). ಜಗತ್ತಿನ ದೊಡ್ಡ ವಾದ್ಯಮೇಳಗಳ ಪಕ್ಕದಲ್ಲಿ ಒಂದು ಚರ್ಮವಾದ್ಯವನ್ನು ಇಡುವುದು ಊರಿನ ಮೇಲಿನ ಅಭಿಮಾನ ಎನ್ನುವವರಿಗೆ ಕಾರಣ ಹೇಳಬೇಕು.

ಬಿ.ವಿ. ಕಾರಂತರು ಆ ಚಿತ್ರದ ನಿರ್ದೇಶಕರು, ಸಂಗೀತವೂ ಅವರದೇ. ರಂಗಭೂಮಿಯಿಂದ ಬಂದವರಿಗೆ ಸಂಗೀತ, ಸದ್ದು, ಮಾತು ಎಂಬ ಮೂರು ಬೇರೆ ಬೇರೆ ಖಾತೆಗಳಿರಲಿಲ್ಲ. ಬೇರೆಯವರ ಚಿತ್ರಗಳಿಗೂ ಅವರು ಹೀಗೆಯೇ ಕೆಲಸ ಮಾಡಿದರು, 'ಋಷ್ಯಶೃಂಗ' ಮತ್ತು 'ಘಟಶ್ರಾದ್ಧ' ಚಿತ್ರಗಳ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಶಿವರಾಮ ಕಾರಂತರ ಕಾದಂಬರಿ ಅವರ ಕೈಗಿಟ್ಟದ್ದು ಯಾವ ಸಂಗೀತ ನಿರ್ದೇಶಕನಿಗೂ ಸುಲಭಕ್ಕೆ ಸಿಗದ ವಸ್ತು. ಉಳಲು ಸ್ವಂತ ನೆಲ ಬೇಕೆಂಬ ಆಸೆ ಇಟ್ಟುಕೊಂಡ ಜೀತದಾಳು ಚೋಮ. ಹುಟ್ಟಿದ ಜಾತಿಯ ಕಾರಣಕ್ಕೆ ಆ ಆಸೆಯನ್ನು ಊರು ಒಪ್ಪುವುದಿಲ್ಲ. ಧಣಿಯ ಮುಂದೆ ಅವನಿಗೆ ಹೆಚ್ಚು ಮಾತಿಲ್ಲ. ಹೇಳಬೇಕಾದದ್ದೆಲ್ಲ ಗುಡಿಸಲಿಗೆ ಬಂದ ಮೇಲೆ ದುಡಿಯ ಮೇಲೆ ಬೀಳುತ್ತದೆ. ಸಿಟ್ಟಿಗೂ ಅದೇ ವಾದ್ಯ, ದುಃಖಕ್ಕೂ ಅದೇ ವಾದ್ಯ. ಸ್ವರವಿಲ್ಲ, ರಾಗವಿಲ್ಲ, ಪೆಟ್ಟಿನ ತೂಕ ಮತ್ತು ನಡುವಿನ ಬಿಡುವು ಮಾತ್ರ. ಚೋಮನ ಪಾತ್ರ ಮಾಡಿದ ವಾಸುದೇವ ರಾವ್ ಅವರ ಮುಖವನ್ನು ಮರೆಮಾಡಿ ಕೇಳಿದರೂ ಚೋಮ ಯಾವ ಸ್ಥಿತಿಯಲ್ಲಿದ್ದಾನೆ ಎಂದು ಹೇಳಬಹುದು.

ಮೊರಿಕೋನೆಯ ಹಾರ್ಮೋನಿಕಾ ಕಥೆಯ ಒಳಗೆ ಹುಟ್ಟಿ, ಆಮೇಲೆ ಗಿಟಾರಿನ ಜೊತೆ, ಮೇಳದ ಜೊತೆ ಹೊರಗೆ ಬೆಳೆಯುತ್ತದೆ. ಅದು ಅದರ ವೈಭವ, ಅಲ್ಲೇ ಒಂದಿಷ್ಟು ಸೋರಿಕೆಯೂ ಇದೆ: ನುಡಿಸುವವನ ಬಾಯಲ್ಲಿ ವಾದ್ಯ ಇಲ್ಲದಾಗಲೂ ಅದು ಕೇಳುತ್ತದೆ. ದುಡಿಯ ಸದ್ದಿನ ಸತ್ವ ಇರುವುದು ಚೋಮನ ಕೈಯಲ್ಲೇ. ಅವನು ಬಾರಿಸುತ್ತಿದ್ದಾನೆ ಎಂದರೆ ಅವನಿದ್ದಾನೆ ಎಂದು ಅರ್ಥ. ಕೊನೆಯಲ್ಲಿ ಎಲ್ಲವನ್ನೂ ಕಳೆದುಕೊಂಡು ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾನೆ, ದುಡಿ ತೆಗೆದುಕೊಳ್ಳುತ್ತಾನೆ, ಪ್ರಾಣ ಹೋಗುವವರೆಗೆ ಬಾರಿಸುತ್ತಾನೆ. ಅಲ್ಲಿ ಸಾವನ್ನು ತಿಳಿಸಲು ಪಿಟೀಲು ಬೇಕಾಗುವುದಿಲ್ಲ, ಮುಖ ತೋರಿಸಬೇಕಾದ್ದೂ ಇಲ್ಲ. ದುಡಿ ನಿಲ್ಲುತ್ತದೆ.